ಹತ್ತು ನಿಮಿಷ ಓಡಬೇಕಿದ್ದ ಇಂಜಿನ್

ಮೊದಲ ಏಟು ನಾನೇ ಹೊಡೆದೆ. ಆಮೇಲೆ ಪೊಲೀಸರ ಮುಂದೆ ಹತ್ತು ಜನ ಹತ್ತು ಥರ ಹೇಳಿದರು. ಗುಂಪು ಹೊಡೆಯಿತು, ನೂಕುನುಗ್ಗಲಿತ್ತು, ಯಾರ ಕೈ ಅಂತ ಕಾಣಲಿಲ್ಲ ಎಂದರು. ಎಲ್ಲ ಸುಳ್ಳು. ಟಾನಿಕ್ ಎಂದು ಊರು ಕರೆಯುವವನ ಅಂಗಡಿಗೆ ಎಲ್ಲರಿಗಿಂತ ಮುಂಚೆ ನುಗ್ಗಿದವನು ನಾನು. ಕೌಂಟರಿನ ಮೇಲಿಂದ ಅವನ ಕಾಲರ್ ಹಿಡಿದು ಎಳೆದವನು ನಾನು. ಮೂಗಿನ ಮೇಲೆ ಗುದ್ದಿದವನೂ ನಾನೇ. ಅವನ ಕನ್ನಡಕ ನಡುವೆ ಮುರಿದು ಅರ್ಧ ನೆಲಕ್ಕೆ ಬಿತ್ತು, ಇನ್ನರ್ಧ ಕಿವಿಯಿಂದ ನೇತಾಡುತ್ತಿತ್ತು.

ಭಾವನನ್ನು ಮಣ್ಣು ಮಾಡಿ ಬಂದು ಇನ್ನೂ ಒಂದು ಗಂಟೆಯಾಗಿರಲಿಲ್ಲ. ಭಾವ ಎಂದರೆ ನನ್ನ ಅಕ್ಕನ ಗಂಡ. ಮಳೆಗಾಲಕ್ಕೆಂದು ಮೂರು ತಿಂಗಳು ಮೀನುಗಾರಿಕೆಗೆ ಬಂದ್ ಇದ್ದ ಸಮುದ್ರ ಮತ್ತೆ ತೆರೆದ ಮೂರನೆಯ ದಿನ, ನದಿ ಹೋಗಿ ಸಮುದ್ರ ಸೇರುವ ಅಳಿವೆಯಲ್ಲಿ, ಅಲೆ ಒಡೆಯುವ ಜಾಗದಲ್ಲೇ ಅವನ ದೋಣಿಯ ಇಂಜಿನ್ ನಿಂತುಹೋಯಿತು. ದೋಣಿ ಅಡ್ಡ ತಿರುಗಿತು. ಎರಡನೆಯ ಅಲೆಗೆ ಮಗುಚಿತು. ಜೊತೆಗಿದ್ದ ಅವನ ತಮ್ಮ ಈಜಿ ದಡ ಸೇರಿದ. ಭಾವ ಎರಡು ದಿನ ಬಿಟ್ಟು ದಡಕ್ಕೆ ಬಂದ. ಬಂದಿದ್ದನ್ನು ನಾವು ಅಕ್ಕನಿಗೆ ತೋರಿಸಲಿಲ್ಲ.

ಆ ತಮ್ಮನನ್ನು ಎಲ್ಲರೂ ಗೂಳಿ ಎನ್ನುತ್ತಾರೆ. ಹೆಸರಿಗೆ ತಕ್ಕ ಕತ್ತು, ಹೆಸರಿಗೆ ತಕ್ಕ ಬುದ್ಧಿ. ನನ್ನ ವಾರಿಗೆಯವನು. ಅವತ್ತು ಮಧ್ಯಾಹ್ನ ಅಕ್ಕನ ಮನೆಯ ಅಂಗಳದಲ್ಲಿ ಕೂತು, "ಇಂಜಿನ್ ಕೆಮ್ಮಿ ಕೆಮ್ಮಿ ಸತ್ತುಹೋಯ್ತು ಮೇಸ್ತ್ರಿ, ಪೆಟ್ರೋಲ್ ಸಿಗದೆ ಸತ್ತುಹೋಯ್ತು" ಎಂದು ತಲೆ ತಲೆ ಚಚ್ಚಿಕೊಳ್ಳುತ್ತಿದ್ದ. ಮೇಸ್ತ್ರಿ ಎಂದರೆ ನಾನು. ಜೆಟ್ಟಿಯ ಪಕ್ಕ ತಗಡಿನ ಶೆಡ್ಡಿನಲ್ಲಿ ದೋಣಿಗಳ ಹಿಂಬದಿಗೆ ಕಚ್ಚಿಸುವ ಔಟ್‌ಬೋರ್ಡ್ ಇಂಜಿನ್ ರಿಪೇರಿ ಮಾಡುತ್ತೇನೆ. ಕೆಲಸ ಚೆನ್ನಾಗಿ ಬರುತ್ತದೆ. ಕೋಪ ಅದಕ್ಕಿಂತ ಚೆನ್ನಾಗಿ ಬರುತ್ತದೆ, ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ಅಂಗಳದಲ್ಲಿದ್ದ ಮೂವತ್ತು ಜನ ನನ್ನ ಮುಖ ನೋಡಿದರು. ಇಂಜಿನ್ ಸತ್ತಿದ್ದು ಯಾಕೆ ಅಂತ ಹೇಳಬೇಕಾದವನು ನಾನೇ ತಾನೇ?

"ಪೆಟ್ರೋಲಿಗೆ ಹಾಕಿದ ಮದ್ದು ನಕಲಿ" ಎಂದೆ. "ಈ ಸಲ ಟಾನಿಕ್ ಹೊಸ ಕಂಪನಿ ಬಾಟಲಿ ತರಿಸಿದ್ದ. ಮುಚ್ಚಳದ ಬಣ್ಣವೇ ಬೇರೆ ಇತ್ತು."

ಅಷ್ಟು ಸಾಕಾಯಿತು. ಎಲ್ಲರೂ ಒಟ್ಟಿಗೆ ಎದ್ದರು.

ಟಾನಿಕ್ ಐವತ್ತು ದಾಟಿದ ಸಣಕಲ ಮನುಷ್ಯ. ದೋಣಿ ಸಾಮಾನಿನ ಅಂಗಡಿ ಇಟ್ಟಿದ್ದಾನೆ. ಇಂಜಿನ್ನಿಗೆ ಕೆಮ್ಮೇ? ಒಂದು ಮುಚ್ಚಳ ಹಾಕು. ಉಬ್ಬಸವೇ? ಎರಡು ಮುಚ್ಚಳ ಹಾಕು. ಹೀಗೆ ಎಲ್ಲಕ್ಕೂ ಒಂದೊಂದು ಬಾಟಲಿ ಕೊಡುತ್ತಿದ್ದುದರಿಂದ ಆ ಹೆಸರು ಬಿತ್ತು. ಬಾಯಿ ಜಾಸ್ತಿ, ಕೆಟ್ಟವನಲ್ಲ. ನನ್ನ ಎರಡನೆಯ ಗುದ್ದಿಗೆ ಅವನ ಮೂಗಿನಿಂದ ರಕ್ತ ಚಿಮ್ಮಿ ನನ್ನ ಮುಖಕ್ಕೆ ಬಿತ್ತು. ಬಿಸಿಯಾಗಿತ್ತು. ಅದು ನನಗೆ ಹಿತವೆನಿಸಿತು, ಸುಳ್ಳು ಹೇಳುವುದಿಲ್ಲ. ಎರಡು ದಿನದಿಂದ ಎದೆಯಲ್ಲಿ ಸಿಕ್ಕಿಕೊಂಡಿದ್ದು ಮುಷ್ಟಿಯ ದಾರಿಯಲ್ಲಿ ಹೊರಗೆ ಹೋಗುತ್ತಿತ್ತು.

ಗೂಳಿ ಒಳಗೆ ಬಂದವನೇ ಗೋಡೆಯ ಶೆಲ್ಫನ್ನು ಬುಡಸಮೇತ ಎಳೆದ. ಇನ್ನೂರು ಬಾಟಲಿಗಳು ಒಟ್ಟಿಗೆ ನೆಲಕ್ಕೆ ಬಿದ್ದು ಒಡೆದವು. ನೀಲಿ ಮದ್ದು ಪಾದ ಮುಳುಗುವಷ್ಟು ಹರಿಯಿತು. ಅದರ ಘಾಟಿಗೆ ಕಣ್ಣು ಉರಿಯಿತು. ಟಾನಿಕ್ ಏಳಲು ಹೋಗಿ ಜಾರಿದ, ಅಂಗೈ ಊರಿದ, ಗಾಜು ಚುಚ್ಚಿತು, ಮತ್ತೆ ಜಾರಿದ. ಯಾರೋ ನಕ್ಕರು. ಗೂಳಿ ಅವನ ಬಲಗೈಯನ್ನು ಕೌಂಟರಿನ ಮೇಲೆ ಒತ್ತಿ ಹಿಡಿದು, ಮಾರಾಟಕ್ಕೆ ತೂಗುಹಾಕಿದ್ದ ಪ್ರೊಪೆಲ್ಲರನ್ನು ಕಿತ್ತುಕೊಂಡು ಬೆರಳುಗಳ ಮೇಲೆ ಹೊಡೆದ. ಒಂದು, ಎರಡು, ಮೂರು. ಮೂರನೆಯದಕ್ಕೆ ಕೌಂಟರಿನ ಹಲಗೆಯೇ ಸೀಳಿತು.

ಅಷ್ಟಾದರೂ ಟಾನಿಕ್ ಗೂಳಿಯ ಕಡೆ ನೋಡಲಿಲ್ಲ. ರಕ್ತ ಉಗುಳಿ, ನನ್ನನ್ನೇ ನೋಡಿ ಕೇಳಿದ:

"ಓಡಿಸಿದ್ಯಾ ಮೇಸ್ತ್ರಿ? ಮದ್ದು ಹಾಕಿದ ಮೇಲೆ ಹತ್ತು ನಿಮಿಷ ಓಡಿಸಿದ್ಯಾ?"

ನಾನು ಅವನ ಬಾಯಿಗೆ ಹೊಡೆದೆ. ಅದುವರೆಗೆ ಹೊಡೆದಿದ್ದೆಲ್ಲ ಒಂದು ತೂಕವಾದರೆ ಇದೇ ಬೇರೆ ತೂಕ. ದವಡೆ ಲಟಕ್ಕೆಂದದ್ದು ನನ್ನ ಮೊಣಕೈವರೆಗೆ ಗೊತ್ತಾಯಿತು. ಅವನು ಮತ್ತೆ ಏನೋ ಹೇಳಲು ನೋಡಿದ, ಬಾಯಿ ಒಂದೇ ಕಡೆಗೆ ಜೋತುಬಿತ್ತು. ಮತ್ತೆ ಹೊಡೆದೆ. ಮೀನು ವಿಂಗಡಿಸುವ ಹೆಂಗಸರು ಬುಟ್ಟಿ ಬಿಸಾಕಿ ಓಡಿ ಬಂದು ಅವನ ಸುತ್ತ ಕೂತುಬಿಡದಿದ್ದರೆ ಅಲ್ಲೇ ಮುಗಿಸುತ್ತಿದ್ದೆವು. ಅವರಲ್ಲಿ ಒಬ್ಬ ಮುದುಕಿ ಅವನ ತಲೆಯನ್ನು ಮಡಿಲಲ್ಲಿಟ್ಟುಕೊಂಡು, "ಬನ್ರೋ ಗಂಡಸ್ರೇ, ನನಗೂ ಎರಡು ಹಾಕಿ ಹೋಗಿ" ಎಂದಳು. ಆಗ ನಮ್ಮ ಕೈಗಳು ಇಳಿದವು.

ಟಾನಿಕ್ ಕೇಳಿದ ಪ್ರಶ್ನೆಯ ಅರ್ಥ ದೋಣಿಯವರಿಗೆಲ್ಲ ಗೊತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪೆಟ್ರೋಲ್ ಮೂರು ತಿಂಗಳು ಸುಮ್ಮನೆ ನಿಂತರೆ ಕೆಡುತ್ತದೆ. ಹಗುರದ್ದು ಹಾರಿಹೋಗಿ ಉಳಿದದ್ದು ಬಾಣಲೆಯ ಅಂಚಿಗೆ ಹತ್ತಿದ ಹಳೇ ಎಣ್ಣೆಯ ಹಾಗೆ ಕಂದು ಅಂಟಾಗುತ್ತದೆ. ಇಂಜಿನ್ನಿನ ಕಾರ್ಬೊರೇಟರ್ ಒಳಗೆ ಪುಟ್ಟ ಬಟ್ಟಲೊಂದಿದೆ. ಅಲ್ಲಿಂದ ಕೂದಲೆಳೆಯಷ್ಟು ತೂತಿನ ಜೆಟ್ ಮೂಲಕ ಪೆಟ್ರೋಲ್ ಮೇಲಕ್ಕೆ ಹೋಗಬೇಕು. ಅಂಟು ಕೂತರೆ ತೂತು ಮುಚ್ಚಿತು. ಇದಾಗದಿರಲಿ ಎಂದೇ ದೋಣಿ ದಡ ಹತ್ತಿಸುವಾಗ ಪೆಟ್ರೋಲಿಗೆ ಸ್ಟೆಬಿಲೈಸರ್ ಬೆರೆಸುತ್ತೇವೆ. ನಮ್ಮ ಬಾಯಲ್ಲಿ ಅದು ಮದ್ದು. ಆದರೆ ಕ್ಯಾನಿಗೆ ಮದ್ದು ಸುರಿದರೆ ಅದು ಕ್ಯಾನಿನಲ್ಲೇ ಉಳಿಯುತ್ತದೆ. ಹತ್ತು ನಿಮಿಷ ಇಂಜಿನ್ ಓಡಿಸಬೇಕು. ಆಗ ಹಳೆಯ ಪೆಟ್ರೋಲ್ ಉರಿದು, ಮದ್ದು ಬೆರೆತದ್ದು ಪೈಪಿನಲ್ಲಿ ಹರಿದು ಬಟ್ಟಲಿಗೆ ಇಳಿಯುತ್ತದೆ. ಓಡಿಸದಿದ್ದರೆ ಕ್ಯಾನಿನ ಪೆಟ್ರೋಲ್ ಮೂರು ತಿಂಗಳು ತಾಜಾ ಇರುತ್ತದೆ, ಬಟ್ಟಲಿನಲ್ಲಿದ್ದದ್ದು ಮಾತ್ರ ಅಂಟಾಗುತ್ತದೆ.

ದಡದ ಮೇಲೆ ಇಂಜಿನ್ ಓಡಿಸುವಾಗ ಅದನ್ನು ತಂಪಾಗಿಡಲು ನೀರು ಬೇಕು. ಇಂಜಿನ್ನಿನ ನೀರಿಗಿಳಿಯುವ ಕಾಲಿನ ಎರಡೂ ಬದಿಗೆ ರಬ್ಬರಿನ ಬಟ್ಟಲು ಕಚ್ಚಿಸಿ, ನಲ್ಲಿಯ ಪೈಪು ಸಿಕ್ಕಿಸಿ, ನೀರು ಬಿಟ್ಟುಕೊಂಡೇ ಓಡಿಸಬೇಕು. ಇಲ್ಲದಿದ್ದರೆ ಒಳಗೆ ನೀರೆಳೆಯುವ ರಬ್ಬರ್ ಚಕ್ರ ನಿಮಿಷದೊಳಗೆ ಸುಟ್ಟುಹೋಗುತ್ತದೆ. ನಮ್ಮ ಬೀದಿಯ ನಲ್ಲಿಯಲ್ಲಿ ನೀರು ಬರುವುದು ಬೆಳಗ್ಗೆ ಏಳರಿಂದ ಒಂಬತ್ತು. ಹಾಗಾಗಿ ನಾನು ಎಲ್ಲ ಕ್ಯಾನುಗಳಿಗೂ ಒಂದೇ ಸಂಜೆ ಮದ್ದು ಹಾಕಿಬಿಡುತ್ತೇನೆ. ಆಮೇಲೆ ನೀರು ಬಂದ ಹಾಗೆ ದಿನಕ್ಕೆ ಎಂಟೊಂಬತ್ತು ಇಂಜಿನ್ ಓಡಿಸುತ್ತೇನೆ. ಮದ್ದಿಗೊಂದು, ಓಟಕ್ಕೊಂದು ಎಂದು ಇಂಜಿನ್ನಿನ ಮುಚ್ಚಳದ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತೇನೆ. ಈ ಸಲ ಇಪ್ಪತ್ತಾರು ಇಂಜಿನ್ ಇದ್ದವು. ಇಪ್ಪತ್ತೈದಕ್ಕೆ ಎರಡೆರಡು ಗೆರೆ ಬಿದ್ದವು. ಕೊನೆಯದು ಭಾವನದು. ಮನೆಯ ಇಂಜಿನ್ನಿಗೆ ಗೆರೆ ಯಾಕೆ, ಅದೇನು ಮರೆತುಹೋಗುತ್ತದೆಯೇ?

ಮೂರನೆಯ ದಿನ ಅದರ ಸರದಿ ಬರುವಷ್ಟರಲ್ಲಿ ನೀರು ನಿಂತಿತು. ಮರುದಿನ ಐಸ್ ಫ್ಯಾಕ್ಟರಿಯ ಲಾರಿಯವನು ಗಾಡಿ ಹಿಂದಕ್ಕೆ ತೆಗೆಯುವಾಗ ನನ್ನ ಶೆಡ್ಡಿನ ಬಾಗಿಲು ಮುರಿದ. ನಾನು ಅವನ ಹಲ್ಲು ಮುರಿದೆ. ಆ ದಿನವೆಲ್ಲ ಠಾಣೆಯ ಬೆಂಚಿನ ಮೇಲೆ ಕಳೆಯಿತು. ವಾಪಸು ಬಂದಾಗ ಭಾವ ಇಂಜಿನ್ನಿಗೆ ಟಾರ್ಪಾಲು ಹೊದಿಸಿ ಹಗ್ಗ ಬಿಗಿಯುತ್ತಿದ್ದ.

"ಎಲ್ಲ ಆಯ್ತಾ ಮೇಸ್ತ್ರಿ?" ಎಂದ. ಭಾವನೂ ನನ್ನನ್ನು ಹಾಗೇ ಕರೆಯುತ್ತಿದ್ದ, ಸ್ವಲ್ಪ ತಮಾಷೆಗೆ, ಸ್ವಲ್ಪ ಹೆಮ್ಮೆಗೆ.

"ಆಯ್ತು ಭಾವ" ಎಂದೆ. ಕೈ ಊದಿಕೊಂಡಿತ್ತು, ತಲೆ ಕೆಟ್ಟಿತ್ತು, ಯಾರೂ ಏನೂ ಕೇಳದಿದ್ದರೆ ಸಾಕಾಗಿತ್ತು. ನಾಳೆ ಬಿಚ್ಚಿ ಓಡಿಸಿದರಾಯಿತು ಎಂದುಕೊಂಡೆ. ಆ ನಾಳೆ ಬರಲೇ ಇಲ್ಲ.

ಇದು ನನಗೆ ಮೊದಲೇ ಗೊತ್ತಿತ್ತೇ ಎಂದರೆ ಏನು ಹೇಳಲಿ? ಅಂಗಳದಲ್ಲಿ ಮದ್ದು ನಕಲಿ ಎಂದಾಗ ಅದನ್ನು ಪೂರ್ತಿ ನಂಬಿದ್ದೆ. ಟಾನಿಕ್ ಓಡಿಸಿದ್ಯಾ ಎಂದಾಗ ಮಾತ್ರ ಟಾರ್ಪಾಲು ಹೊದಿಸಿದ ಇಂಜಿನ್ ಕಣ್ಣ ಮುಂದೆ ಬಂತು. ಅದಕ್ಕೇ ಅವನ ಬಾಯಿಗೇ ಹೊಡೆದೆ.

ಮಗುಚಿದ ದೋಣಿಯನ್ನು ಹಗ್ಗ ಹಾಕಿ ಎಳೆದು ತಂದದ್ದು ಟಾನಿಕ್ ಆಸ್ಪತ್ರೆ ಸೇರಿದ ನಾಲ್ಕನೆಯ ದಿನ. ಇಂಜಿನ್ ಹಿಂಬದಿಗೆ ಕಚ್ಚಿಕೊಂಡೇ ಇತ್ತು. ಮುಚ್ಚಿದ ಪೆಟ್ರೋಲ್ ಕ್ಯಾನು ಹಗ್ಗದ ಕೊನೆಯಲ್ಲಿ ತೇಲುತ್ತಿತ್ತು. ನಾನು ಶೆಡ್ಡಿನ ಬಾಗಿಲು ಎಳೆದುಕೊಂಡು ಒಬ್ಬನೇ ಬಿಚ್ಚಲು ಕೂತೆ.

ಮೊದಲು ಕ್ಯಾನು ತೆರೆದೆ. ಗಾಜಿನ ಲೋಟಕ್ಕೆ ಸುರಿದೆ. ತಿಳಿ ನೀಲಿ, ಕಸವಿಲ್ಲ, ನೀರಿಲ್ಲ. ಮೂಸಿದೆ. ಬಂಕಿನಿಂದ ಈಗಷ್ಟೇ ತಂದ ಹಾಗೆ ಚುರುಕು ವಾಸನೆ. ಮದ್ದು ನಕಲಿಯಾಗಿದ್ದರೆ ಇದು ಹುಳಿ ನಾತ ಹೊಡೆಯಬೇಕಿತ್ತು. ಇಂಜಿನ್ನಿನ ಎರಡು ಕಾರ್ಬೊರೇಟರ್‌ಗಳನ್ನು ಬಿಚ್ಚಿ ಬಟ್ಟಲು ತೆಗೆದೆ. ಒಳಗೆ ಉಪ್ಪುನೀರು ಇತ್ತು, ಚೆಲ್ಲಿದೆ. ಅಡಿಯಲ್ಲಿ ಕಂದು ಅಂಟು ಕೂತಿತ್ತು. ಉಗುರಿನಿಂದ ಕೆರೆದರೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತಿತ್ತು. ಜೆಟ್ಟನ್ನು ಬೆಳಕಿಗೆ ಹಿಡಿದೆ. ತೂತು ಕಾಣಲಿಲ್ಲ.

ಸಮುದ್ರ ತೆರೆದ ಮೊದಲೆರಡು ದಿನ ಭಾವ, ಗೂಳಿ ಇಬ್ಬರೂ ನದಿಯೊಳಗೇ ಬಲೆ ಹಾಕಿದ್ದರು. ನಿಧಾನಕ್ಕೆ ಓಡುವಾಗ ಇಷ್ಟು ಅಂಟು ಗೊತ್ತಾಗುವುದಿಲ್ಲ. ಅಳಿವೆ ದಾಟಲು ಪೂರ್ತಿ ಜೋರು ಕೊಟ್ಟಾಗ ಸಿಪ್ಪೆ ಎದ್ದು ತೂತಿಗೆ ಸಿಕ್ಕಿಕೊಂಡಿದೆ. ಮದ್ದು ಮುಟ್ಟಿದ ಜಾಗದಲ್ಲೆಲ್ಲ ಪೆಟ್ರೋಲ್ ಸರಿಯಾಗಿತ್ತು. ಮುಟ್ಟಿಸುವುದು ನನ್ನ ಕೆಲಸವಾಗಿತ್ತು.

ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಹಿಂಬಾಗಿಲು ಕಿರ್ರೆಂದಿತು. ಅಕ್ಕ ಬಂದು ನಿಂತಿದ್ದಳು. ನನ್ನ ಶೆಡ್ಡಿನ ಹಿಂದೆಯೇ ಅವಳ ಮನೆ.

"ಏನಾಗಿದೆ?" ಎಂದಳು.

"ಮದ್ದು ಸರಿಯಾಗೇ ಇತ್ತಕ್ಕ."

"ಗೊತ್ತು."

ನಾನು ತಲೆ ಎತ್ತಿದೆ. ಅವಳ ಮುಖದಲ್ಲಿ ಅಳು ಇರಲಿಲ್ಲ. ಅತ್ತು ಅತ್ತು ಬತ್ತಿದ ಮುಖ.

"ನೀನು ಓಡಿಸಿಲ್ಲ, ಅಷ್ಟೇ ತಾನೇ?" ಎಂದಳು. "ನನ್ನ ಅಡುಗೆಮನೆಗೂ ನಿನ್ನ ಶೆಡ್ಡಿಗೂ ಮಧ್ಯೆ ಇರೋದು ಒಂದು ತಗಡು. ಬೆಳಗ್ಗೆ ಏಳಕ್ಕೆ ಶುರು ಮಾಡಿದ್ರೆ ಒಂದೊಂದೂ ನನ್ನ ಕಿವಿ ಮೇಲೇ ಓಡ್ತವೆ. ನಮ್ಮ ಇಂಜಿನ್ ಸದ್ದು ನಂಗೊತ್ತಿಲ್ವಾ? ನಮ್ದು ಕೇಳ್ಲೇ ಇಲ್ಲ. ಊರಿಗೆಲ್ಲ ಮಾಡಿ ಕೊನೇಗೆ ಮಾಡ್ತಾನೆ ಬಿಡು ಅಂದ್ಕೊಂಡೆ. ಆಮೇಲೆ ಮರೆತೆ. ದೋಣಿ ಮಗುಚ್ತು ಅಂತ ಯಾರೋ ಕೂಗ್ತಾ ಬಂದ್ರಲ್ಲ, ಆಗ ನೆನಪಾಯ್ತು."

"ಅಷ್ಟು ಗೊತ್ತಿದ್ದೂ ಸುಮ್ನಿದ್ಯಾ? ಟಾನಿಕ್‌ನ ಅಷ್ಟು ಹೊಡೆದ್ವಲ್ಲ ಅಕ್ಕ!"

"ಹೇಳಿದ್ರೆ ಗೂಳಿ ನಿನ್ನ ಉಳಿಸ್ತಿದ್ನಾ?" ಅವಳ ದನಿ ಒಮ್ಮೆಲೇ ಏರಿತು. "ಒಬ್ಬರನ್ನ ಮಣ್ಣಿಗೆ ಹಾಕಿ ಬಂದಿದ್ದೆ ಕಣೋ. ಇನ್ನೊಬ್ಬರನ್ನೂ ಹಾಕ್ಲಾ? ಆ ಟಾನಿಕ್ ನನಗೇನು, ಒಡಹುಟ್ಟಿದವನಾ?"

ಹೀಗೆ ಹೇಳಿದವಳು ನನ್ನ ಅಕ್ಕ. ಬಾಗಿಲಿಗೆ ಬಂದವರನ್ನು ಬರಿಗೈಲಿ ಕಳಿಸದವಳು. ನನಗೆ ಅವಳ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಅವಳು ಶೆಲ್ಫಿನಿಂದ ಕಾರ್ಬೊರೇಟರ್ ಕ್ಲೀನರಿನ ಸ್ಪ್ರೇ ತೆಗೆದು ನನ್ನ ಮುಂದೆ ಇಟ್ಟಳು. "ತೊಳೆದುಬಿಡು" ಎಂದಳು. "ಉಪ್ಪುನೀರು ಹೋಗಿತ್ತು, ಏನೂ ಗೊತ್ತಾಗಲ್ಲ ಅಂದ್ಬಿಡು. ಇಲ್ಲಿಗೇ ಮುಗೀಲಿ."

ನಾನು ತೊಳೆದೆ. ಇದನ್ನೂ ಮುಚ್ಚಿಡುವುದಿಲ್ಲ. ಸ್ಪ್ರೇ ಒತ್ತಿದ ಕೂಡಲೇ ಕಂದು ಅಂಟು ಕರಗಿ ಬೆರಳ ಸಂದಿಯಿಂದ ಇಳಿಯಿತು. ಒಂದು ಬಟ್ಟಲು ಅಂಗಡಿಯಿಂದ ಈಗ ತಂದ ಹಾಗೆ ಹೊಳೆಯಿತು. ಎರಡನೆಯದನ್ನು ಕೈಗೆತ್ತಿಕೊಂಡಿದ್ದೆ. ಅಷ್ಟರಲ್ಲಿ ಮುಂಬಾಗಿಲನ್ನು ಯಾರೋ ಒದ್ದರು. ಬಟ್ಟಲನ್ನು ಜೇಬಿಗೆ ಹಾಕಿಕೊಂಡೆ.

ಗೂಳಿ ಬಂದಿದ್ದ. ಕಣ್ಣು ಕೆಂಡದ ಹಾಗಿತ್ತು. ಆರು ದಿನದಿಂದ ನಿದ್ದೆ ಮಾಡಿರಲಿಲ್ಲ.

"ಟಾನಿಕ್‌ನ ಮನೆಗೆ ಕಳಿಸಿದಾರೆ" ಎಂದ. "ದವಡೆಗೆ ತಂತಿ ಕಟ್ಟಿದಾರಂತೆ. ಅವನು ಮನೇಲಿ ಮಲಗ್ಕೊಂಡು ಹೆಂಡತಿ ಕೈಲಿ ಊಟ ಮಾಡಿಸ್ಕೋತಾನೆ. ನಮ್ಮಣ್ಣ ಮಣ್ಣಲ್ಲಿ. ಇದು ಯಾವ ನ್ಯಾಯ ಅತ್ತಿಗೆ?"

ಅಕ್ಕ ಸ್ಪ್ರೇ ಡಬ್ಬಿಯನ್ನು ಸೆರಗಿನಡಿ ಮರೆಮಾಡಿದಳು.

"ಸಾಕು ಬಿಡೋ" ಎಂದೆ. "ಅನುಭವಿಸಿದಾನೆ."

"ನೀನೇ ಹೇಳಿದ್ಯಲ್ಲ ನಕಲಿ ಅಂತ! ಇಂಜಿನ್ ಬಿಚ್ಚಿದ್ಯಲ್ಲ ಈಗ, ಏನು ಸಿಕ್ತು?"

"ಉಪ್ಪುನೀರು ಹೋಗಿದೆ. ಏನೂ ಗೊತ್ತಾಗಲ್ಲ."

ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು! ಗೂಳಿ ಗೋಡೆಯ ಕಡೆ ತಿರುಗಿದ. ಅಲ್ಲಿ ದೊಡ್ಡ ಮೀನು ಎಳೆಯುವ ಕಬ್ಬಿಣದ ಕೊಕ್ಕೆ ನೇತಾಡುತ್ತಿತ್ತು. ಮೊಳದುದ್ದದ ಮರದ ಹಿಡಿ, ತುದಿಯಲ್ಲಿ ಬಾಗಿದ ಮೊನೆ. ಅದನ್ನು ತೆಗೆದುಕೊಂಡು, "ಆ ನನ್ಮಗನ ಹೊಟ್ಟೇಲಿ ಏನಿದೆ ಅಂತ ನಾನು ಬಿಚ್ಚಿ ನೋಡ್ತೀನಿ" ಎಂದು ಹೊರಟ.

ನಾನೂ ಎದ್ದೆ. ಅಕ್ಕ ನನ್ನ ಅಂಗಿ ಹಿಡಿದಳು. "ಹೋಗ್ಬೇಡ ಕಣೋ. ನಿನ್ನ ದಮ್ಮಯ್ಯ ಅಂತೀನಿ, ಹೋಗ್ಬೇಡ." ಕೊಸರಿಕೊಂಡೆ. ಗುಂಡಿಗಳು ಕಿತ್ತು ಬಂದವು. ಅವಳು ನನ್ನ ಬೆನ್ನಿಗೆ ಎರಡೂ ಕೈಯಿಂದ ಗುದ್ದುತ್ತ ಬಾಗಿಲವರೆಗೆ ಬಂದಳು.

ಶೆಡ್ಡಿನಿಂದ ಟಾನಿಕ್‌ನ ಅಂಗಡಿಗೆ ಇನ್ನೂರು ಹೆಜ್ಜೆ. ಬಿಸಿಲಿನಲ್ಲಿ ಬಲೆ ಹೊಲಿಯುತ್ತಿದ್ದವರು, ಐಸ್ ಪುಡಿ ಮಾಡುತ್ತಿದ್ದವರು, ಟೀ ಕುಡಿಯುತ್ತಿದ್ದವರು ಎಲ್ಲ ಗೂಳಿಯನ್ನೂ ಅವನ ಕೈಯ ಕೊಕ್ಕೆಯನ್ನೂ ನೋಡಿದರು. ಒಬ್ಬನೂ ತಡೆಯಲಿಲ್ಲ. ಅವರಿಗೆ ಯಾಕೆ ತಡೆಯಬೇಕು ಅನಿಸಬೇಕು? ಮೇಸ್ತ್ರಿ ಹೇಳಿದ್ದನಲ್ಲ.

ಅಂಗಡಿಯ ಶಟರ್ ಮುಚ್ಚಿತ್ತು. ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿದರೆ ಮೇಲೆ ಒಂದೇ ಕೋಣೆಯ ಮನೆ. ನಾನು ಹತ್ತುವಷ್ಟರಲ್ಲಿ ಬಾಗಿಲಿನ ಚಿಲಕ ಮುರಿದಾಗಿತ್ತು. ಟಾನಿಕ್‌ನ ಹೆಂಡತಿ ಮೂಲೆಯಲ್ಲಿ ಬಿದ್ದಿದ್ದಳು, ಹುಬ್ಬು ಒಡೆದು ಕಣ್ಣಿಗೆ ರಕ್ತ ಇಳಿಯುತ್ತಿತ್ತು. ಹಾಲಿನ ಲೋಟ ಮಗುಚಿ ನೆಲವೆಲ್ಲ ಬಿಳಿಯಾಗಿತ್ತು. ಗೂಳಿ ಟಾನಿಕ್‌ನ ಕೂದಲು ಹಿಡಿದು ಮಂಚದಿಂದ ಕೆಳಗೆಳೆದಿದ್ದ. ಬ್ಯಾಂಡೇಜ್ ಸುತ್ತಿದ ಕೈಯನ್ನು ಟಾನಿಕ್ ಮುಖಕ್ಕೆ ಅಡ್ಡ ಹಿಡಿದಿದ್ದ. ತಂತಿ ಬಿಗಿದ ಬಾಯಿಂದ ಕೂಗಲೂ ಆಗದೆ, ಮೂಗಿನಿಂದ ಹೂಂ ಹೂಂ ಎಂಬ ಸದ್ದು ಮಾತ್ರ ಬರುತ್ತಿತ್ತು. ಮನುಷ್ಯನ ಸದ್ದಲ್ಲ ಅದು.

ಕೊಕ್ಕೆ ಮೇಲೆದ್ದಿತು. ನಾನು ಮಧ್ಯೆ ಕೈ ಕೊಟ್ಟೆ.

ಮೊನೆ ನನ್ನ ಎಡ ಅಂಗೈ ಹೊಕ್ಕು ಹಿಂದಿನಿಂದ ಹೊರಬಂತು. ಮೊದಲು ನೋವಾಗಲಿಲ್ಲ, ಬರೀ ಭಾರವೆನಿಸಿತು. ಗೂಳಿ ಕಿತ್ತುಕೊಳ್ಳಲು ಜಗ್ಗಿದ. ಆಗ ನೋವು ಬಂತು. ನಾನು ಅರಚಿದೆ, ಆದರೆ ಬಿಡಲಿಲ್ಲ. ಕೊಕ್ಕೆಯ ಸಮೇತ ಅವನ ಮೈಮೇಲೆ ಬಿದ್ದೆ.

"ಮದ್ದು ಸರಿ ಇತ್ತು! ನಾನು ಓಡಿಸಿಲ್ಲ ಕಣೋ! ನಾನೇ ಓಡಿಸಿಲ್ಲ!"

"ಸುಳ್ಳು!" ಗೂಳಿ ತಲೆಯಿಂದ ನನ್ನ ಹಣೆಗೆ ಡಿಕ್ಕಿ ಹೊಡೆದ. "ಪೊಲೀಸರಿಗೆ ಹೆದರ್ಕೊಂಡು ಪ್ಲೇಟ್ ಚೇಂಜ್ ಮಾಡ್ತಿದೀಯ!"

ಅವನಿಗೆ ಬೇರೆ ದಾರಿ ಇರಲಿಲ್ಲ. ಟಾನಿಕ್‌ನ ಬೆರಳು ಪುಡಿ ಮಾಡಿದವನು ಅವನು. ಮದ್ದು ಸರಿ ಇತ್ತು ಎಂದು ಒಪ್ಪಿದರೆ ಆ ಬೆರಳುಗಳ ಲೆಕ್ಕ ಯಾರ ತಲೆಗೆ? ನನಗೂ ನಾಲ್ಕು ದಿನ ಅದೇ ಅಲ್ಲವೇ ಆಗಿದ್ದು? ನಾನು ಬಲಗೈಯಿಂದ ಜೇಬು ತಡಕಿ ಎರಡನೆಯ ಬಟ್ಟಲು ತೆಗೆದು ಅವನ ಮುಖದ ಮುಂದೆ ಹಿಡಿದೆ.

"ನೋಡು. ನಿಮ್ಮ ಇಂಜಿನ್ನಿಂದು. ಕ್ಯಾನಿನ ಪೆಟ್ರೋಲ್ ಹೋಗಿ ಮೂಸಿ ನೋಡು, ತಾಜಾ ಇದೆ. ಬಟ್ಟಲಲ್ಲಿದ್ದಿದ್ದು ಮಾತ್ರ ಕೆಟ್ಟಿರೋದು. ಇನ್ನೊಂದು ಬಟ್ಟಲನ್ನ ಈಗಷ್ಟೇ ತೊಳೆದೆ, ನಿನಗೆ ಗೊತ್ತಾಗ್ಬಾರ್ದು ಅಂತ. ಇದು ಉಳ್ಕೊಂಡಿದೆ."

ಗೂಳಿ ದಡ್ಡನಿರಬಹುದು, ಆದರೆ ಇಪ್ಪತ್ತು ವರ್ಷ ಇಂಜಿನ್ನಿನ ಹಿಂದೆ ಕೂತವನು. ಬಟ್ಟಲು ತೆಗೆದುಕೊಂಡ. ಕಿಟಕಿಯ ಬೆಳಕಿಗೆ ಹಿಡಿದ. ಹೆಬ್ಬೆರಳಿನ ಉಗುರಿನಿಂದ ಕೆರೆದ, ಸಿಪ್ಪೆ ಎದ್ದಿತು. ಮೂಗಿನ ಹತ್ತಿರ ತಂದ.

ಆಮೇಲೆ ಅವನು ನನ್ನ ಅಂಗೈಯಿಂದ ಕೊಕ್ಕೆಯನ್ನು ತಿರುಗಿಸಿ ಹೊರಗೆಳೆದ. ನಿಧಾನವಾಗಿ, ಮೀನಿನ ಬಾಯಿಂದ ಗಾಳ ತೆಗೆಯುವ ಹಾಗೆ. ಅದನ್ನು ಮಂಚದ ಕೆಳಗೆ ಎಸೆದ. ಬರಿಗೈಯಿಂದ ಹೊಡೆಯಲು ಶುರು ಮಾಡಿದ.

ಮೊದಲ ಗುದ್ದಿಗೆ ಬಾಗಿಲ ಹೊರಗೆ ಬಿದ್ದೆ. ಎರಡನೆಯದಕ್ಕೆ ಮೆಟ್ಟಿಲು ಉರುಳಿದೆ. ಅವನು ಇಳಿದು ಬಂದು ಪಕ್ಕೆಗೆ ಒದ್ದ. ಎಲುಬು ಮುರಿದದ್ದು ಒಳಗಿನಿಂದ ಕೇಳಿಸಿತು. ಎತ್ತಿ ಶಟರಿಗೆ ಬಡಿದ, ಶಟರೆಲ್ಲ ಗಡಗಡ ಎಂದಿತು. ಮತ್ತೆ ಬಡಿದ. ಬಾಯಲ್ಲಿ ಎರಡು ಹಲ್ಲು ಸಡಿಲವಾಗಿ ನಾಲಿಗೆಗೆ ಸಿಕ್ಕವು. ಸುತ್ತ ಜನ ಸೇರಿದ್ದರು. ಗೂಳಿ ಅವರ ಕಡೆ ತಿರುಗಿ, "ಇವನೇ ಓಡಿಸಿಲ್ಲವಂತೆ! ಕೇಳ್ಕೊಳ್ಳಿ, ಇವನೇ!" ಎಂದು ಕೂಗಿ ಮತ್ತೆ ನನ್ನ ಕಡೆ ಬಂದ. ನಾನು ಕೈ ಎತ್ತಲಿಲ್ಲ. ಸಾಧುವಾದೆ ಅಂತಲ್ಲ. ಹೊಡೆತ ಬೀಳುವಷ್ಟು ಹೊತ್ತು ಯೋಚನೆ ಬರುತ್ತಿರಲಿಲ್ಲ. ಅವನು ಕೊಂದೇ ಬಿಡಲಿ ಎಂದು ನಿಜವಾಗಿ ಆಸೆಯಾಯಿತು.

ಜನರನ್ನು ತಳ್ಳಿಕೊಂಡು ಅಕ್ಕ ಬಂದಳು. "ಬಿಡೋ ಅವನನ್ನ! ಬಿಡೋ!" ಎಂದು ಗೂಳಿಯ ತೋಳಿಗೆ ಜೋತುಬಿದ್ದಳು. ಅವನು ಕೊಡವಿದ. ಅವಳು ಬಿದ್ದಳು, ಎದ್ದಳು, ಮತ್ತೆ ಜೋತುಬಿದ್ದಳು. ಗೂಳಿ ನನ್ನ ಕಾಲರನ್ನು ಎರಡೂ ಕೈಯಿಂದ ಹಿಡಿದು ಮುಖಕ್ಕೆ ಮುಖ ತಂದ. ಅವನು ಅಳುತ್ತಿದ್ದ.

"ಅಳಿವೆಗೆ ಮುಂಚೆನೇ ಎರಡು ಸಲ ಕೆಮ್ಮಿತು ಕಣೋ" ಎಂದ. "ಇನ್ನೂ ನದಿ ಒಳಗೇ ಇದ್ವಿ. ಅಣ್ಣ, ವಾಪಸ್ ಹೋಗೋಣ, ಯಾಕೋ ಸರಿ ಇಲ್ಲ ಅಂದೆ. ಅಣ್ಣ ನಕ್ಕ. ಸುಮ್ನೆ ಕೂತ್ಕೊಳ್ಳೋ, ಇದು ನನ್ನ ಬಾಮೈದನ ಕೈ ದಾಟಿ ಬಂದಿರೋ ಇಂಜಿನ್ನು, ಏನೂ ಆಗಲ್ಲ ಅಂದ. ಅಂದು ಜೋರು ಕೊಟ್ಟ."

ಅವನ ಕೈ ಕಾಲರಿನಿಂದ ತಾನಾಗೇ ಜಾರಿತು. ನಾನು ಶಟರಿಗೆ ಒರಗಿ ಕುಸಿದೆ. ಪಕ್ಕೆಯ ಎಲುಬಾಗಲಿ ಅಂಗೈಯ ತೂತಾಗಲಿ ಆಗ ನನಗೆ ನೆನಪಿರಲಿಲ್ಲ.

ಅಕ್ಕ ಅಲ್ಲೇ ನಿಂತಿದ್ದಳು. ಪೂರ್ತಿ ಕೇಳಿಸಿಕೊಂಡಿದ್ದಳು. ಗಂಡನ ಕೊನೆಯ ಮಾತು ಅವಳಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಬಿದ್ದ ಸೆರಗನ್ನು ಎತ್ತಿ ಸಿಕ್ಕಿಸಿಕೊಂಡಳು. ನಾನು ಅವಳ ಕಡೆ ಕೈ ಚಾಚಿದೆ, ಏಳಲು ಆಗುತ್ತಿರಲಿಲ್ಲ.

ಅವಳು ಗೂಳಿಯ ಕೈ ಹಿಡಿದುಕೊಂಡಳು. "ಬಾ, ಮನೆಗೆ ಹೋಗೋಣ" ಎಂದಳು. ಇಬ್ಬರೂ ಜನರ ನಡುವೆ ದಾರಿ ಮಾಡಿಕೊಂಡು ಹೋದರು. ನನ್ನನ್ನು ಕರೆಯಲಿಲ್ಲ.